ತಲೆ ಸುತ್ತುವ ಲೆಕ್ಕ

ಒಂದು ಸೆಕೆಂಡನ್ನು ಐವತ್ತು ಚೂರು ಮಾಡಿ, ಅದರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಅದು 20 ಮಿಲಿಸೆಕೆಂಡ್. ಕಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಬೇಕೆಂದರೂ ಇದರ ಐದು ಪಟ್ಟು ಹೊತ್ತಾದರೂ ಬೇಕು. ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತಯಾರಿಸುವ ಎಂಜಿನಿಯರುಗಳು ಹತ್ತು ಹನ್ನೆರಡು ವರ್ಷಗಳಿಂದ ಇದೇ ಚೂರಿನ ಬೆನ್ನು ಹತ್ತಿದ್ದಾರೆ. ನೀವು ತಲೆ ತಿರುಗಿಸಿದ ಕ್ಷಣದಿಂದ ಆ ತಿರುವಿಗೆ ತಕ್ಕ ಚಿತ್ರ ನಿಮ್ಮ ಕಣ್ಣಿಗೆ ಬೀಳುವ ತನಕ 20 ಮಿಲಿಸೆಕೆಂಡಿಗಿಂತ ಹೆಚ್ಚು ಕಳೆಯಬಾರದು ಎಂಬುದು ಅವರೇ ಹಾಕಿಕೊಂಡ ಗೆರೆ. ಗೆರೆ ದಾಟಿದರೆ ಚಿತ್ರ ಎಷ್ಟೇ ಚೆಂದವಿರಲಿ, ಮೊದಲು ಹಣೆಯಲ್ಲಿ ತಣ್ಣನೆಯ ಬೆವರು, ಆಮೇಲೆ ಬಾಯಲ್ಲಿ ಜೊಲ್ಲು, ಕೊನೆಗೆ ಹೊಟ್ಟೆ ತೊಳಸು.

ಇಷ್ಟು ಸಣ್ಣ ಚೂರಿಗೆ ಇಷ್ಟೊಂದು ರಂಪ ಯಾಕೆ? ಲೆಕ್ಕ ಹಾಕಿ ನೋಡಿ. ಯಾರೋ ಕರೆದರೆಂದು ನಾವು ತಲೆ ಹೊರಳಿಸುವಾಗ ವೇಗ ಸೆಕೆಂಡಿಗೆ 100 ಡಿಗ್ರಿ ತಲುಪುವುದು ಸಾಮಾನ್ಯ. ಆ ವೇಗದಲ್ಲಿ 20 ಮಿಲಿಸೆಕೆಂಡ್ ಎಂದರೆ 2 ಡಿಗ್ರಿ. ಕೈ ಚಾಚಿ ಹೆಬ್ಬೆರಳೆತ್ತಿದರೆ ಅದರ ಅಗಲ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ, ಅಂದರೆ ನಾಲ್ಕು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ವಿಳಂಬವನ್ನು ಯಾವ ಉಪಾಯದಿಂದಲೂ ಸರಿದೂಗಿಸದಿದ್ದರೆ, ತಲೆ ತಿರುಗಿಸಿದಾಗಲೆಲ್ಲ ಎದುರಿನ ಗೋಡೆ, ಮರ, ಮನುಷ್ಯರು ಎಲ್ಲರೂ ನಾಲ್ಕು ಚಂದ್ರರಷ್ಟು ಹಿಂದುಳಿದು, ಆಮೇಲೆ ಓಡಿಬಂದು ತಮ್ಮ ಜಾಗಕ್ಕೆ ಸೇರಿಕೊಳ್ಳುತ್ತಾರೆ. ಜಗತ್ತು ಗಟ್ಟಿಯಾಗಿ ನಿಲ್ಲದೆ ತೇಲಾಡುತ್ತದೆ.

ಈ ತೇಲಾಟವನ್ನು ಪತ್ತೆಹಚ್ಚುವ ಉಪಕರಣ ನಿಮ್ಮ ತಲೆಯಲ್ಲೇ ಇದೆ. ಅದರ ಚುರುಕು ನೋಡಬೇಕಿದ್ದರೆ ಅಚ್ಚಾದ ಒಂದು ಹಾಳೆ ಸಾಕು. ತಲೆ ಅಲುಗಿಸದೆ ಹಾಳೆಯನ್ನು ಎಡಕ್ಕೆ ಬಲಕ್ಕೆ ಬಿರುಸಾಗಿ ಆಡಿಸಿ; ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಈಗ ಹಾಳೆಯನ್ನು ನಿಲ್ಲಿಸಿಟ್ಟು, ಒಲ್ಲೆ ಎನ್ನುವಂತೆ ತಲೆಯನ್ನು ಅಷ್ಟೇ ಬಿರುಸಾಗಿ ಆಡಿಸಿ. ಸಾಲುಗಳನ್ನು ಆರಾಮವಾಗಿ ಓದಬಹುದು. ಅಲುಗಾಟ ಎರಡರಲ್ಲೂ ಒಂದೇ. ಆದರೆ ಮೊದಲ ಸಲ ಕಣ್ಣು ತಾನೇ ನೋಡಿ, ಮಿದುಳಿಗೆ ತಿಳಿಸಿ, ಅಲ್ಲಿಂದ ಅಪ್ಪಣೆ ಪಡೆದು ಹೊರಳಬೇಕಿತ್ತು. ಅದಕ್ಕೆ 100 ಮಿಲಿಸೆಕೆಂಡ್ ಆದರೂ ಬೇಕು. ಎರಡನೇ ಸಲ ಸುದ್ದಿ ಹೊರಟದ್ದು ಒಳಗಿವಿಯಿಂದ. ಒಳಗಿವಿಯಿಂದ ಕಣ್ಣಿನ ಸ್ನಾಯುವಿಗೆ ಇರುವ ನೇರ ದಾರಿಯಲ್ಲಿ ಕೇವಲ ಮೂರು ನರಕೋಶಗಳಿವೆ. ತಲೆ ಬಲಕ್ಕೆ ಹೊರಳಿದ 10 ಮಿಲಿಸೆಕೆಂಡಿನೊಳಗೆ ಕಣ್ಣುಗುಡ್ಡೆ ಅಷ್ಟೇ ವೇಗದಲ್ಲಿ ಎಡಕ್ಕೆ ಹೊರಳಿರುತ್ತದೆ. ನಾವು ನಡೆಯುವಾಗ ಊರು ಕುಣಿಯದೆ ನಿಂತಂತೆ ಕಾಣುವುದು ಇದರಿಂದಲೇ. ಕಂಪನಿಗಳು 20 ಮಿಲಿಸೆಕೆಂಡಿಗೆ ಹೆಣಗಾಡುತ್ತಿದ್ದರೆ, ಕಿವಿ ಅದರ ಅರ್ಧದಲ್ಲೇ ಕೆಲಸ ಮುಗಿಸಿರುತ್ತದೆ.

ಈ ಉಪಕರಣದ ಗಾತ್ರವನ್ನೂ ನೋಡಬೇಕು. ಕಿವಿಯ ಹಿಂದಿನ ಗಟ್ಟಿ ಮೂಳೆಯೊಳಗೆ ಮೂರು ಬಳೆಗಳಂಥ ನಾಳಗಳಿವೆ. ಒಂದೊಂದೂ ಸುಮಾರು 6 ಮಿಲಿಮೀಟರ್ ಅಗಲದ ಸುತ್ತು, ಒಳಗಿನ ತೂತು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಮೂರೂ ಒಂದಕ್ಕೊಂದು ಲಂಬವಾಗಿ ಕೂತಿರುವುದರಿಂದ ತಲೆ ಯಾವ ದಿಕ್ಕಿಗೆ ಹೊರಳಿದರೂ ಒಂದಲ್ಲ ಒಂದರಲ್ಲಿ ದ್ರವ ಹಿಂದುಳಿದು, ಅಲ್ಲಿರುವ ಸುಮಾರು 7,000 ರೋಮಕೋಶಗಳನ್ನು ಬಾಗಿಸುತ್ತದೆ. ಪಕ್ಕದಲ್ಲೇ ಎರಡು ಪುಟ್ಟ ಚೀಲಗಳು. ಅವುಗಳೊಳಗಿನ ಅಂಟಿನ ಹಾಸಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಹರಡಿವೆ. ಸುಣ್ಣದಕಲ್ಲಿನಲ್ಲಿರುವುದೂ ಇದೇ ವಸ್ತು. ಇಲ್ಲಿ ಒಂದೊಂದು ಹರಳೂ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ. ದೇಹ ಮುಂದಕ್ಕೆ ನುಗ್ಗಿದರೆ ಹರಳುಗಳು ಹಿಂದೆ ಜಗ್ಗುತ್ತವೆ. ಭೂಮಿಯ ಗುರುತ್ವದ ಸುಮಾರು ನೂರರಲ್ಲಿ ಒಂದು ಪಾಲಿನಷ್ಟು ತಳ್ಳಿದರೂ ಸಾಕು, ಗೊತ್ತಾಗಿಬಿಡುತ್ತದೆ. ದವಡೆಯುಳ್ಳ ಮೊದಲ ಮೀನುಗಳು 40 ಕೋಟಿ ವರ್ಷಗಳಿಗೂ ಹಿಂದೆ ಇದೇ ಮೂರು ನಾಳಗಳ ವಿನ್ಯಾಸ ಇಟ್ಟುಕೊಂಡು ಈಜುತ್ತಿದ್ದವು. ಅಂದಿನಿಂದ ಇಂದಿನವರೆಗೂ ಅದರ ಮೂಲ ನಕ್ಷೆ ಬದಲಾಗಿಲ್ಲ.

ಈಗ ಯಂತ್ರದ ಕಡೆಗೆ ಬನ್ನಿ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ತಲೆಗೆ ತೊಡುವ ಮೊದಲ ಕಂಪ್ಯೂಟರ್ ಪರದೆಯ ವಿವರವನ್ನು ಪ್ರಕಟಿಸಿದರು. ತಲೆ ಎತ್ತ ತಿರುಗಿತೆಂದು ಅಳೆಯುವ ಲೋಹದ ತೋಳು ಚಾವಣಿಯಿಂದ ಇಳಿಬಿದ್ದಿತ್ತು. ಅದು ತೋರಿಸುತ್ತಿದ್ದುದು ಬರೀ ಗೆರೆಗಳ ಚಿತ್ರ: ಹೆಚ್ಚೆಂದರೆ 3,000 ಗೆರೆ, ಸೆಕೆಂಡಿಗೆ 30 ಸಲ. 2012ರಲ್ಲಿ ಆಕ್ಯುಲಸ್ ಎಂಬ ಪುಟ್ಟ ಕಂಪನಿ ಜನರ ಮುಂದೆ ಕೈಚಾಚಿ ಎರಡೂವರೆ ಲಕ್ಷ ಡಾಲರ್ ಕೇಳಿತು. ಬಂದದ್ದು 24 ಲಕ್ಷ. ಎರಡು ವರ್ಷ ಕಳೆಯುವುದರೊಳಗೆ ಫೇಸ್‌ಬುಕ್ ಅದನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು.

2016ರಲ್ಲಿ ಅಂಗಡಿಗೆ ಬಂದ ಆಕ್ಯುಲಸ್ ಕಂಪನಿಯ ರಿಫ್ಟ್ ಹೆಡ್‌ಸೆಟ್ಟಿನಲ್ಲಿ ಎರಡು ಕಣ್ಣಿಗೂ ಸೇರಿ 2160×1200 ಚುಕ್ಕೆ, ಅಂದರೆ ಸುಮಾರು 26 ಲಕ್ಷ. ಇಡೀ ಚಿತ್ರ ಸೆಕೆಂಡಿಗೆ 90 ಸಲ ಹೊಸದಾಗುತ್ತದೆ. ಗುಣಿಸಿ: ಸೆಕೆಂಡಿಗೆ 23 ಕೋಟಿ ಚುಕ್ಕೆಗೂ ಮಿಗಿಲು. ಒಂದು ತಾಸು ಆಡಿದರೆ ಸುಮಾರು 84 ಸಾವಿರ ಕೋಟಿ. ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ತಲಾ ನೂರು ಹಂಚಿದರೂ ಮಿಕ್ಕುತ್ತದೆ. ಸಿನಿಮಾ ಪರದೆಯ ಮೇಲೆ ಒಂದು ಚೌಕಟ್ಟಿನ ಸರದಿ ಮುಗಿಯಲು 41 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಈ ಹೆಡ್‌ಸೆಟ್ ನಾಲ್ಕನೆಯ ಚಿತ್ರಕ್ಕೆ ಕೈಹಾಕಿರುತ್ತದೆ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಇದನ್ನೂ ಮೀರಿಸಿತು: 3,499 ಡಾಲರಿನ ಆ ಯಂತ್ರದಲ್ಲಿ 2.3 ಕೋಟಿ ಚುಕ್ಕೆಗಳು, ಕ್ಯಾಮರಾ ಕಂಡದ್ದನ್ನು 12 ಮಿಲಿಸೆಕೆಂಡಿನೊಳಗೆ ಪರದೆಗೆ ತಲುಪಿಸಲೆಂದೇ ಪ್ರತ್ಯೇಕ ಚಿಪ್.

ಇನ್ನೊಂದು ಉಪಾಯವಂತೂ ಕೇಳಿದವರಿಗೆ ನಂಬಿಕೆ ಬರುವಂಥದ್ದಲ್ಲ. ಸೆಕೆಂಡಿಗೆ 90 ಚಿತ್ರವೆಂದರೆ ಒಂದೊಂದಕ್ಕೂ 11 ಮಿಲಿಸೆಕೆಂಡ್ ಸಿಗುತ್ತದೆ. ಅಷ್ಟು ಹೊತ್ತೂ ಚಿತ್ರ ಬೆಳಗುತ್ತಿದ್ದರೆ, ತಲೆ ಹೊರಳುವಾಗ ಅದು ಕಣ್ಣಿನ ಪರದೆಯ ಮೇಲೆ ಉಜ್ಜಿದಂತಾಗಿ ಮಸುಕಾಗುತ್ತದೆ. ಹಾಗಾಗಿ ಅದನ್ನು ಎರಡು ಮಿಲಿಸೆಕೆಂಡಿನಷ್ಟು ಮಾತ್ರ ಫಕ್ಕನೆ ಬೆಳಗಿಸಿ ಆರಿಸಿಬಿಡುತ್ತಾರೆ. ಲೆಕ್ಕ ಮಾಡಿದರೆ, ಒಂದು ತಾಸಿನ ಆಟದಲ್ಲಿ ಸುಮಾರು 49 ನಿಮಿಷ ನೀವು ಕಪ್ಪು ಪರದೆಯನ್ನೇ ನೋಡಿರುತ್ತೀರಿ. ಕತ್ತಲು ಇತ್ತೆಂದು ಯಾರಿಗೂ ಅನ್ನಿಸುವುದಿಲ್ಲ. ಅದರ ಜೊತೆಗೆ, ತಲೆಗೆ ಕಟ್ಟಿರುವ ಸಂವೇದಕ ಸೆಕೆಂಡಿಗೆ ಸಾವಿರ ಸಲ ಚಲನೆಯನ್ನು ಅಳೆದು, ಚಿತ್ರ ಬೆಳಗುವ ಹೊತ್ತಿಗೆ ತಲೆ ಎಲ್ಲಿರಬಹುದೆಂದು ಮುಂಚೆಯೇ ಊಹಿಸುತ್ತದೆ. ಕೊನೆಯ ಗಳಿಗೆಯಲ್ಲಿ ಚಿತ್ರವನ್ನು ಅತ್ತಿತ್ತ ಸರಿಸಿ ಊಹೆಯ ತಪ್ಪನ್ನೂ ತಿದ್ದಲಾಗುತ್ತದೆ.

ಇಷ್ಟೆಲ್ಲ ಆದಮೇಲೆ ಹೊಟ್ಟೆ ತೊಳಸು ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18 ಗಂಡಸರು, 18 ಹೆಂಗಸರು ರಿಫ್ಟ್ ತೊಟ್ಟು ಒಂದು ಭಯಾನಕ ಆಟ ಆಡಿದರು. ಆಟದ ಗರಿಷ್ಠ ಅವಧಿ 15 ನಿಮಿಷ. ಗಂಡಸರಲ್ಲಿ 6 ಮಂದಿಗೆ, ಹೆಂಗಸರಲ್ಲಿ 14 ಮಂದಿಗೆ ಹೊಟ್ಟೆ ಕೆಟ್ಟಿತು; ಒಟ್ಟು 36ರಲ್ಲಿ 20. ಹೆಂಗಸರಿಗೆ ಯಾಕೆ ಹೆಚ್ಚು ಎಂಬುದಕ್ಕೆ 2020ರ ಇನ್ನೊಂದು ಅಧ್ಯಯನ ಮಿಲಿಮೀಟರಿನಲ್ಲಿ ಉತ್ತರ ಕೊಟ್ಟಿತು. ವಯಸ್ಕರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್, ಹೆಂಗಸರಲ್ಲಿ ತುಸು ಕಡಿಮೆ. ಹೆಡ್‌ಸೆಟ್ಟಿನ ಮಸೂರಗಳನ್ನು ಅಷ್ಟು ಹತ್ತಿರಕ್ಕೆ ತರಲಾಗದೆ ಅನೇಕ ಹೆಂಗಸರಿಗೆ ಅದು ಹೊಂದುತ್ತಲೇ ಇರಲಿಲ್ಲ. ಸರಿಯಾಗಿ ಹೊಂದಿದವರಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಹೆಚ್ಚು ಉಳಿಯಲಿಲ್ಲ. ಆದರೆ ಆ ಆರು ಗಂಡಸರ ಹೊಟ್ಟೆ ಕೆಟ್ಟಿದ್ದಕ್ಕೆ ಮಸೂರದ ಮೇಲೊಂದೇ ಗೂಬೆ ಕೂರಿಸಲಾಗದು.

ಅಸಲು ವಿಷಯವೇನೆಂದರೆ ಇಲ್ಲಿ ಎರಡು ಖಾತೆಗಳಿವೆ. ತಡವಾಗಿ ಬರುವ ಚಿತ್ರದ್ದು ಒಂದು. ಅದನ್ನು ಎಂಜಿನಿಯರುಗಳು ಬಹುಮಟ್ಟಿಗೆ ಚುಕ್ತಾ ಮಾಡಿದ್ದಾರೆ. ಎರಡನೆಯದು ನಡೆಯದೇ ಇರುವ ಚಲನೆಯದ್ದು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕೂತವರಿಗೆ ಏನಾಗುತ್ತದೆ? ಕಿವಿ ತಿರುವುಗಳನ್ನೆಲ್ಲ ಎಣಿಸುತ್ತಿರುತ್ತದೆ, ಕಣ್ಣಿಗೆ ಮಾತ್ರ ಅಲುಗದ ಪರದೆ ಕಾಣುತ್ತಿರುತ್ತದೆ. ವಿಆರ್‌ನಲ್ಲಿ ಇದು ತಲೆಕೆಳಗು. ಕಣ್ಣು ತಿರುವು ಎನ್ನುತ್ತದೆ, ಕಿವಿ ಕುರ್ಚಿ ಎನ್ನುತ್ತದೆ. ಎರಡು ವರದಿ ತಾಳೆಯಾಗದಿದ್ದಾಗ ಮಿದುಳು ಹೊಟ್ಟೆಯನ್ನು ಯಾಕೆ ಎಳೆದು ತರುತ್ತದೆ? 1977ರಲ್ಲಿ ಮಿಶೆಲ್ ಟ್ರೈಸ್‌ಮನ್ ಒಂದು ಊಹೆ ಮುಂದಿಟ್ಟರು: ಕಾಡಿನಲ್ಲಿ ಬದುಕಿದ ಪ್ರಾಣಿಗೆ ಕಣ್ಣು ಕಿವಿ ಬೇರೆ ಬೇರೆ ಹೇಳುವ ಸಂದರ್ಭವೆಂದರೆ ವಿಷ ತಿಂದಾಗ ಮಾತ್ರ, ಆದ್ದರಿಂದ ತಿಂದದ್ದನ್ನು ಹೊರಹಾಕು ಎಂಬುದೇ ಸುರಕ್ಷಿತ ತೀರ್ಮಾನ. ಇದು ಇನ್ನೂ ಊಹೆಯೇ, ಆದರೆ ಇದಕ್ಕೆ ಒತ್ತಾಸೆ ಇದೆ: ಒಳಗಿವಿಯ ಸಮತೋಲನ ಅಂಗ ತೆಗೆದ ನಾಯಿಗಳು ಕೆಲವು ವಿಷಗಳಿಗೆ ವಾಂತಿ ಮಾಡುವುದೂ ಕಡಿಮೆಯಾಯಿತೆಂದು 1983ರ ಪ್ರಯೋಗವೊಂದು ತೋರಿಸಿತು.

ಎರಡನೇ ಖಾತೆಯ ಸಾಲ ಎಷ್ಟೆಂದು ನೋಡೋಣ. ವಿಆರ್‌ನಲ್ಲಿ ಕಾರು ಓಡಿಸುತ್ತೀರಿ. ಹತ್ತು ಸೆಕೆಂಡಿನಲ್ಲಿ ವೇಗ ಗಂಟೆಗೆ 100 ಕಿಲೋಮೀಟರ್. ವಿಶೇಷವೇನಲ್ಲ, ಮನೆ ಮುಂದಿನ ಸಾಧಾರಣ ಕಾರಿನ ಯೋಗ್ಯತೆ. ಆ ಹತ್ತು ಸೆಕೆಂಡೂ ಕಿವಿಯ ಹರಳುಗಳಿಗೆ ಸರಿಯಾದ ತಳ್ಳು ಸಿಗಬೇಕೆಂದರೆ ನಿಮ್ಮ ಕುರ್ಚಿ ನಿಜವಾಗಿಯೂ ಅಷ್ಟೇ ಬಿರುಸಿನಲ್ಲಿ ಮುಂದಕ್ಕೆ ಹೋಗಬೇಕು. ಶಾಲೆಯ ಭೌತಶಾಸ್ತ್ರದ ಸೂತ್ರ ಹಾಕಿದರೆ ಕುರ್ಚಿ ಕ್ರಮಿಸುವ ದೂರ 139 ಮೀಟರ್. ಫುಟ್‌ಬಾಲ್ ಮೈದಾನಕ್ಕಿಂತ ಉದ್ದದ ಹಜಾರ ಬೇಕು, ಬ್ರೇಕ್ ಹಾಕಿ ನಿಲ್ಲಲು ಅದರಾಚೆ ಇನ್ನಷ್ಟು. ಹೆಡ್‌ಸೆಟ್ಟಿನ ಕೈಪಿಡಿ ಕೇಳುವುದು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೆರವು ಜಾಗ.

ಸರ್ಕಾರಗಳು, ದೊಡ್ಡ ಕಂಪನಿಗಳು ದುಡ್ಡು ಸುರಿದು ಇಂಥ ಹಜಾರ ಕಟ್ಟಿಲ್ಲವೆಂದಲ್ಲ. ಜಪಾನಿನಲ್ಲಿ ಟೊಯೋಟ 2007ರಲ್ಲಿ ತೋರಿಸಿದ ಚಾಲನಾ ಸಿಮ್ಯುಲೇಟರಿನಲ್ಲಿ ಏಳು ಮೀಟರ್ ವ್ಯಾಸದ ಗುಮ್ಮಟವೊಂದರೊಳಗೆ ನಿಜವಾದ ಕಾರೇ ಇದೆ. ಗುಮ್ಮಟ ಒಂದು ದಿಕ್ಕಿಗೆ 35 ಮೀಟರ್, ಇನ್ನೊಂದಕ್ಕೆ 20 ಮೀಟರ್ ಓಡಾಡುತ್ತದೆ. ನಮ್ಮ ಲೆಕ್ಕದ ಕಾಲು ಭಾಗ. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಹತ್ತು ಮಹಡಿ ಎತ್ತರದ ಕಟ್ಟಡದೊಳಗೆ ವಿಮಾನದ ಕಾಕ್‌ಪಿಟ್ಟೊಂದು ಮೇಲೆ ಕೆಳಗೆ 18 ಮೀಟರ್ ಚಲಿಸುತ್ತದೆ. ಇಡೀ ಜಗತ್ತಿನ ಅತಿದೊಡ್ಡ ಚಲನ ಸಿಮ್ಯುಲೇಟರುಗಳಲ್ಲಿ ಒಂದು. ಆದರೆ ರೋಲರ್ ಕೋಸ್ಟರಿನಲ್ಲಿ ಎರಡೇ ಎರಡು ಸೆಕೆಂಡು ಬಿದ್ದ ಅನುಭವ ನಿಜವಾಗಬೇಕಿದ್ದರೆ 19.6 ಮೀಟರ್ ಆಳ ಬೇಕು. ನಾಸಾದ ಗೋಪುರಕ್ಕೂ ಅದು ನಿಲುಕದು.

ಗುರುತ್ವವನ್ನೇ ಸಾಲ ಪಡೆಯುವ ಒಂದು ಜಾಣ್ಮೆಯಿದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಹರಳುಗಳು ಹಿಂದೆ ಜಾರುತ್ತವೆ. ಕಿವಿಗೆ ಅದು ವೇಗ ಹೆಚ್ಚಿದಂತೆಯೇ. ನಮ್ಮ ಕಾರಿಗೆ ಬೇಕಾದ ವಾಲು 16 ಡಿಗ್ರಿ ಚಿಲ್ಲರೆ. ಆದರೆ ಸೆಕೆಂಡಿಗೆ ಸುಮಾರು 3 ಡಿಗ್ರಿಗಿಂತ ಬೇಗ ವಾಲಿಸಿದರೆ ಬಳೆಯಂಥ ನಾಳಗಳು ಕಳ್ಳತನ ಹಿಡಿದುಬಿಡುತ್ತವೆ. ಅವಕ್ಕೆ ಗೊತ್ತಾಗದಂತೆ ವಾಲಿಸುತ್ತ ಹೋದರೆ ಐದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಹತ್ತು ಸೆಕೆಂಡಿನ ಓಟ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ.

ಕಣ್ಣಿಂದ ಮಿದುಳಿಗೆ ಹೋಗುವ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಒಳಗಿವಿಯ ಸಮತೋಲನ ನರದಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ಐವತ್ತಕ್ಕೆ ಒಂದು. ಆದರೂ ಬಹುಮತದ ಕಣ್ಣು ಹೇಳಿದ್ದೇ ಸರಿ ಎಂದು ಮಿದುಳು ಸುಮ್ಮನಿರುವುದಿಲ್ಲ. ಅಲ್ಪಸಂಖ್ಯಾತ ಕಿವಿಯನ್ನು ಇಡಿಯಾಗಿ ಪಕ್ಕಕ್ಕಿಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಾಗಿದೆ. 1882ರಲ್ಲಿ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 519 ಮಂದಿ ಕಿವುಡರನ್ನು ಗಿರಗಿರನೆ ತಿರುಗಿಸಿದ ಫಲಿತಾಂಶ ಪ್ರಕಟಿಸಿದರು. 186 ಮಂದಿಗೆ ತಲೆಸುತ್ತು ಬರಲೇ ಇಲ್ಲ. ಹಾರ್ವರ್ಡಿನ ಸುಮಾರು ಇನ್ನೂರು ವಿದ್ಯಾರ್ಥಿಗಳಲ್ಲಿ ಅಂಥವನು ಸಿಕ್ಕಿದ್ದು ಒಬ್ಬನೇ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಇದೇ ಎಳೆ ಹಿಡಿದು ಗ್ಯಾಲಡೆಟ್ ಕಾಲೇಜಿನ ಹನ್ನೊಂದು ಕಿವುಡರನ್ನು ಪ್ರಯೋಗಕ್ಕೆ ಕರೆದವು. ಅವರಲ್ಲಿ ಹತ್ತು ಮಂದಿ ಎಳವೆಯಲ್ಲಿ ಮಿದುಳುಪೊರೆಯ ಜ್ವರದಿಂದ ಕಿವಿಯ ಜೊತೆಗೆ ಸಮತೋಲನದ ಅಂಗವನ್ನೂ ಕಳೆದುಕೊಂಡವರು. ನಿಮಿಷಕ್ಕೆ ಹತ್ತು ಸುತ್ತು ಸುತ್ತುವ, ಇಪ್ಪತ್ತಡಿಯ ಕೋಣೆಯಲ್ಲಿ ನಾಲ್ವರು ಹನ್ನೆರಡು ದಿನ ಬಿಡದೆ ಇದ್ದರು. ನೋವಾ ಸ್ಕೋಶಿಯಾದ ಕರಾವಳಿಯಾಚೆ ಕಡಲು ಕೆರಳಿದಾಗ ದೋಣಿ ಪ್ರಯೋಗವೂ ನಡೆಯಿತು. ಅವರು ಇಸ್ಪೀಟು ಆಡುತ್ತಿದ್ದರು. ಅವರನ್ನು ಗಮನಿಸಲು ಬಂದ ಸಂಶೋಧಕರಿಗೇ ವಾಂತಿ ತಡೆಯಲಾಗದೆ ಪ್ರಯೋಗ ರದ್ದಾಯಿತು.

ಅಂದಮೇಲೆ ಹೆಡ್‌ಸೆಟ್ ತೊಟ್ಟು ಹೊಟ್ಟೆ ತೊಳಸುವುದು ದೌರ್ಬಲ್ಯವಲ್ಲ, ಒಳಗಿನ ಉಪಕರಣ ಸರಿಯಾಗಿದೆ ಎಂಬುದಕ್ಕೆ ಪುರಾವೆ. ಪಳಗಿದಷ್ಟೂ ಈ ಉಪಕರಣ ಇನ್ನಷ್ಟು ಕಟ್ಟುನಿಟ್ಟು. ಹೆಲಿಕಾಪ್ಟರ್ ಸಿಮ್ಯುಲೇಟರುಗಳ ಮೊದಲ ದಿನಗಳಲ್ಲಿ, 1950ರ ದಶಕದಲ್ಲೇ, ಮಿಲ್ಲರ್ ಮತ್ತು ಗುಡ್ಸನ್ ಎಂಬ ಸಂಶೋಧಕರು ಕಂಡದ್ದಿದು: ಕಲಿಯುವವರಲ್ಲಿ ಶೇ 12ರಷ್ಟು ಮಂದಿಗೆ ತೊಂದರೆಯಾದರೆ, ಕಲಿಸುವವರಲ್ಲಿ ಶೇ 60. ನಿಜವಾದ ಹೆಲಿಕಾಪ್ಟರ್ ಹೇಗೆ ಅಲುಗುತ್ತದೆಂದು ಗುರುಗಳ ಕಿವಿಗೆ ಬಾಯಿಪಾಠವಾಗಿತ್ತು. ಹುಟ್ಟಿನಿಂದ ಬಂದದ್ದೂ ಇದರಲ್ಲಿ ಸೇರಿದೆ. 2015ರಲ್ಲಿ 80,494 ಜನರ ವಂಶವಾಹಿಗಳನ್ನು ಜಾಲಾಡಿದಾಗ ಪ್ರಯಾಣದ ವಾಕರಿಕೆಗೆ ನಂಟಿರುವ 35 ತಾಣಗಳು ಸಿಕ್ಕವು.

ಈ ಸಂಕಟವನ್ನು ಅಂಕೆಯಲ್ಲಿ ಹಿಡಿಯುವ ಕೆಲಸವೂ ನಡೆದಿದೆ. 1993ರಲ್ಲಿ ರಾಬರ್ಟ್ ಕೆನಡಿ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಯ ಹತ್ತು ಸಿಮ್ಯುಲೇಟರುಗಳಿಂದ ಬಂದ 1,100ಕ್ಕೂ ಹೆಚ್ಚು ಜೋಡಿ ಉತ್ತರಪತ್ರಿಕೆಗಳನ್ನು ಜರಡಿ ಹಿಡಿದು 16 ಲಕ್ಷಣಗಳ ಪಟ್ಟಿ ಮಾಡಿದರು. ಬೆವರು, ಜೊಲ್ಲು, ಕಣ್ಣು ಸೋಲುವುದು, ತಲೆ ಭಾರ, ಕಡೆಗೆ ತೇಗು ಕೂಡ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಅಂಕಗಳಿಗೆ ನಿಗದಿತ ತೂಕ ಕೊಟ್ಟು ಕೂಡಿದರೆ ಗರಿಷ್ಠ 235.62. ಇಪ್ಪತ್ತು ದಾಟಿದರೇ ಆ ಸಿಮ್ಯುಲೇಟರ್ ಕೆಟ್ಟದ್ದೆಂದು ಲೆಕ್ಕ. ಇಂದಿಗೂ ವಿಆರ್ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ಇದೇ ಮಾಪಕ. ವಾಂತಿ ಎಂಬುದು ಪಟ್ಟಿಯಲ್ಲೇ ಇಲ್ಲ. ಅಲ್ಲಿಯವರೆಗೆ ಹೋಗುವವರು ಅಷ್ಟು ವಿರಳ. ನಾಸಾದವರ ಬಳಿ ತಮಾಷೆಯ ಅಳತೆಗೋಲೊಂದು ಬೇರೆಯೇ ಇದೆ. 1985ರಲ್ಲಿ ಡಿಸ್ಕವರಿ ನೌಕೆಯಲ್ಲಿ ಹೋದ ಸೆನೆಟರ್ ಜೇಕ್ ಗಾರ್ನ್ ಎಷ್ಟು ಬಳಲಿದರೆಂದರೆ, ಬಾಹ್ಯಾಕಾಶದ ವಾಕರಿಕೆಯ ಪರಮಾವಧಿಗೆ ಅಲ್ಲಿನವರು ‘ಒಂದು ಗಾರ್ನ್’ ಎಂದೇ ಹೆಸರಿಟ್ಟರು.

ಚಿಕಿತ್ಸೆಯ ಕಡೆಗಿನ ಅಂಕೆಗಳೂ ಮಜವಾಗಿವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2015ರಲ್ಲಿ ವಿಆರ್ ಚಿತ್ರದ ನಡುವೆ ಒಂದು ಮೂಗು ಬಿಡಿಸಿದರು. ನಮ್ಮದೇ ಮೂಗು ಸದಾ ಕಣ್ಣಂಚಿನಲ್ಲಿ ಅಲುಗದೆ ಕಾಣುತ್ತಿರುತ್ತದಲ್ಲ, ಹಾಗೆ. 41 ಮಂದಿಯ ಮೇಲೆ ಪರೀಕ್ಷೆ. ಬಂಗಲೆಯೊಳಗೆ ಅಡ್ಡಾಡುವ ದೃಶ್ಯದಲ್ಲಿ ಮೂಗಿದ್ದವರು ಸರಾಸರಿ 94.2 ಸೆಕೆಂಡ್ ಹೆಚ್ಚು ತಾಳಿಕೊಂಡರು. ರೋಲರ್ ಕೋಸ್ಟರಿನಲ್ಲಿ ಗಳಿಸಿದ್ದು 2.2 ಸೆಕೆಂಡ್ ಮಾತ್ರ. ಮೂಗು ಇತ್ತೆಂದು ಯಾರ ಗಮನಕ್ಕೂ ಬಂದಿರಲಿಲ್ಲ. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು, ಚಲಿಸುವಾಗ ನೋಟದ ಅಂಚನ್ನು ಮೆಲ್ಲಗೆ ಕಪ್ಪಾಗಿಸಿ, ನಿಂತಾಗ ಮತ್ತೆ ತೆರೆಯುವ ವಿಧಾನ ತೋರಿಸಿದರು. ಅದೂ ಹೆಚ್ಚಿನವರ ಅರಿವಿಗೆ ಬರಲಿಲ್ಲ, ಸಂಕಟ ಮಾತ್ರ ತಗ್ಗಿತು. ಇಂದು ಅನೇಕ ಆಟಗಳಲ್ಲಿ ಈ ಸೌಲಭ್ಯವಿದೆ. ಇನ್ನು ಕೆಲವು ಆಟಗಳಲ್ಲಿ ನಡೆಯುವುದೇ ಇಲ್ಲ. ಬೇಕಾದ ಕಡೆ ಬೆರಳು ತೋರಿಸಿದರೆ ಫಕ್ಕನೆ ಅಲ್ಲಿರುತ್ತೀರಿ. ನಡುವಿನ ಚಲನೆ ಸೊನ್ನೆ, ಕಿವಿ ಅಳೆದದ್ದೂ ಸೊನ್ನೆ.

ಮಾರುಕಟ್ಟೆಯೂ ಈ ಸೊನ್ನೆಗೇ ಮಣಿದಿದೆ. ವಿಆರ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಟಗಳಲ್ಲಿ ಬೀಟ್ ಸೇಬರ್ ಒಂದು. 2021ರ ಫೆಬ್ರುವರಿ ಹೊತ್ತಿಗೆ ಅದರ 40 ಲಕ್ಷ ಪ್ರತಿಗಳು ಖರ್ಚಾಗಿದ್ದವು. ಅದರಲ್ಲಿ ಆಟಗಾರ ಎಲ್ಲಿಗೂ ಹೋಗುವುದಿಲ್ಲ. ನಿಂತಲ್ಲೇ ನಿಂತು, ಎದುರಿನಿಂದ ಹಾಡಿನ ತಾಳಕ್ಕೆ ಹಾರಿಬರುವ ಘನಗಳನ್ನು ಬೆಳಕಿನ ಕತ್ತಿಯಿಂದ ಕಡಿಯುವುದಷ್ಟೇ ಅವನ ಕೆಲಸ. ಚುಕ್ಕೆಗಳು ನಾಳೆ ಹತ್ತು ಪಟ್ಟಾಗಬಹುದು, ವಿಳಂಬ ಐದು ಮಿಲಿಸೆಕೆಂಡಿಗೆ ಇಳಿಯಬಹುದು. 139 ಮೀಟರ್ ಮಾತ್ರ ಒಂದು ಮೀಟರೂ ಕಡಿಮೆಯಾಗದು. ಹಾಗಾಗಿ ಹೊಸ ಹೆಡ್‌ಸೆಟ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಪಿಕ್ಸೆಲ್ ಲೆಕ್ಕಕ್ಕಿಂತ ಮೊದಲು ಕೇಳಬೇಕಾದದ್ದು, ಈ ಆಟದಲ್ಲಿ ನಾನು ಕೂತಲ್ಲೇ ಎಷ್ಟು ದೂರ ಹೋಗಬೇಕು ಎಂದು. ಬೆವರು ಒಡೆದ ಕೂಡಲೇ ಹೆಡ್‌ಸೆಟ್ ತೆಗೆದಿಡಬೇಕು. ಹಟ ಹಿಡಿದು ಮುಂದುವರಿದರೆ ಗೆಲ್ಲುವುದು ಕಿವಿಯೇ.